ಜಗಳೂರಿನ ಶುಕ್ರವಾರಗಳು

ಅದು ಎಂಬತ್ತಾರರ ಬೇಸಿಗೆಯೋ ಎಂಬತ್ತೇಳರದೋ ನನಗೆ ಖಚಿತವಿಲ್ಲ. ಜಗಳೂರಿನ ಆಸ್ಪತ್ರೆಯ ಗೋಡೆಗೆ ಹಳದಿ ಬಣ್ಣ ಬಳಿದಿದ್ದರು ಎಂದು ನೆನಪು. ಆದರೆ ಆ ಕಾಲದ ಸರ್ಕಾರಿ ಕಟ್ಟಡಗಳನ್ನೆಲ್ಲ ನಾನು ಹಳದಿಯಾಗಿಯೇ ನೆನೆಸಿಕೊಳ್ಳುತ್ತೇನೆ, ಹಾಗಾಗಿ ಆ ನೆನಪಿಗೆ ಬೆಲೆಯಿಲ್ಲ. ಅಲ್ಲಿನ ಸಿಸ್ಟರ್ ರತ್ನಮ್ಮನವರನ್ನು ನಾನು ಒಂದು ಪ್ರಶ್ನೆ ಕೇಳಿದೆನೋ, ಕೇಳಬೇಕೆಂದುಕೊಂಡು ಸುಮ್ಮನಾದೆನೋ, ಅದೂ ಗೊತ್ತಿಲ್ಲ. ಕೇಳಿರದಿದ್ದರೆ ಸಾಕು ಎಂದು ಇಷ್ಟು ವರ್ಷ ಬಯಸಿ ಬಯಸಿ, ಈಗ ಕೇಳಲೇ ಇಲ್ಲವೆಂಬ ನೆನಪೊಂದು ತಾನಾಗಿ ಹುಟ್ಟಿಕೊಂಡಿದೆ. ಅದನ್ನು ನಾನು ನಂಬುವುದಿಲ್ಲ.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಹೋದ ವರ್ಷ, ನ್ಯಾಮತಿಯಲ್ಲಿ. ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಶಾಮಿಯಾನ ಕಟ್ಟುವವರು ಬೀಳಿಸಿದ್ದ ಮೊಳೆಯೊಂದು ಚಪ್ಪಲಿಯನ್ನು ತೂತು ಮಾಡಿ ಹಿಮ್ಮಡಿಗೆ ಇಳಿಯಿತು. ಯಾರದೋ ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಹೋದೆ. ನರ್ಸ್ ಹುಡುಗಿ ಹತ್ತಿಗೆ ಸ್ಪಿರಿಟ್ ಸುರಿದು ತೋಳು ಒರೆಸಿ, ಇಂಜೆಕ್ಷನ್ ತರಲು ಫ್ರಿಜ್ಜಿನ ಬಾಗಿಲು ತೆಗೆದಳು. ಸ್ಪಿರಿಟ್ಟಿನ ವಾಸನೆಯ ಜೊತೆ ತಣ್ಣನೆಯ ರಬ್ಬರಿನ ವಾಸನೆ ಸೇರಿ ಮೂಗಿಗೆ ಬಡಿಯಿತು. ಬಾಗಿಲಿನ ಮೇಲೆ, ಡಿಗ್ರಿ ತೋರಿಸುವ ಪುಟ್ಟ ಪರದೆಯ ಪಕ್ಕದಲ್ಲಿ, ಬೆರಳಿನಿಂದ ಇಟ್ಟ ಒಂದು ಕುಂಕುಮದ ಬೊಟ್ಟು. ನಾನು ನಗತೊಡಗಿದೆ. ನೋವಿಗೆ ಅಳುವವರನ್ನು ಕಂಡಿದ್ದ ಆ ಹುಡುಗಿಗೆ ನಗುವ ಮುದುಕನನ್ನು ಕಂಡು ಅನುಮಾನ ಬಂತು. ಹತ್ತು ನಿಮಿಷ ಅಲ್ಲೇ ಕೂತಿದ್ದು ಹೋಗಲು ಹೇಳಿದಳು.

ಜಗಳೂರಿನ ಆ ದಿನಗಳಲ್ಲಿ ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ, ವಿಶ್ವವಿದ್ಯಾಲಯದಲ್ಲಿ ನಮ್ಮ ಮೇಷ್ಟ್ರ ಕೈಕೆಳಗೆ ಒಂದು ವರ್ಷದ ಕೆಲಸಕ್ಕೆ ಸೇರಿದ್ದೆ. ಮಕ್ಕಳಿಗೆ ಹಾಕುವ ಲಸಿಕೆ ಸದಾ ತಣ್ಣಗಿರಬೇಕು, ಎಂಟು ಡಿಗ್ರಿ ದಾಟಿದರೆ ಅದರ ಶಕ್ತಿ ಹೋಗುತ್ತದೆ ಎಂಬುದು ಮೇಷ್ಟ್ರಿಗೆ ಯಾರಿಂದಲೋ ತಿಳಿದಿತ್ತು. ಸಣ್ಣ ಊರುಗಳ ಆಸ್ಪತ್ರೆಗಳ ಫ್ರಿಜ್ಜುಗಳು ಹಗಲೂ ರಾತ್ರಿ ತಣ್ಣಗಿರುತ್ತವೆಯೋ ಇಲ್ಲವೋ ಎಂದು ಅಳೆಯುವ ಪೆಟ್ಟಿಗೆಯೊಂದನ್ನು ಅವರು ರೂಪಿಸಿದರು. ಅಂಥ ನಾಲ್ಕು ಪೆಟ್ಟಿಗೆಗಳನ್ನು ನಾನೇ ಕೂತು ಬೆಸುಗೆ ಹಾಕಿ ಮಾಡಿದೆ. ಒಂದು ಚನ್ನಗಿರಿಗೆ, ಒಂದು ಹೊನ್ನಾಳಿಗೆ, ಒಂದು ನ್ಯಾಮತಿಗೆ, ಒಂದು ಜಗಳೂರಿಗೆ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಉಳಿದವು ಶಿವಮೊಗ್ಗದಲ್ಲಿ. ಒಂದು ಊರಾದರೂ ಸುಡುವ ಬಯಲಿನದಾಗಿರಲಿ ಎಂದು ಮೇಷ್ಟ್ರು ಅದನ್ನು ಸೇರಿಸಿಕೊಂಡಿದ್ದರು.

ಪೆಟ್ಟಿಗೆ ಫ್ರಿಜ್ಜಿನ ತಲೆಯ ಮೇಲೆ ಕೂರುತ್ತಿತ್ತು. ಅದರಿಂದ ಹೊರಟ ವೈರಿನ ತುದಿಯಲ್ಲಿ ಒಂದು ಗೇಣುದ್ದದ ಸ್ಟೀಲ್ ಕಡ್ಡಿ. ಬಾಗಿಲಿನ ರಬ್ಬರಿನ ಸಂದಿನಿಂದ ವೈರು ತೂರಿಸಿ, ಕಡ್ಡಿಯನ್ನು ಲಸಿಕೆಯ ಸೀಸೆಗಳ ನಡುವೆ ಇಟ್ಟರೆ ಆಯಿತು, ಅರ್ಧ ಗಂಟೆಗೊಮ್ಮೆ ಶಾಖ ಅಳೆದು ಪೆಟ್ಟಿಗೆ ನೆನಪಿಟ್ಟುಕೊಳ್ಳುತ್ತಿತ್ತು. ಹದಿನೈದು ದಿನಕ್ಕೊಮ್ಮೆ ನಾನು ರೆಕ್ಸಿನ್ ಚೀಲದಲ್ಲಿ ಒಂದು ಪುಟ್ಟ ಪ್ರಿಂಟರ್ ಹೊತ್ತು ಬಸ್ಸಿನಲ್ಲಿ ಹೋಗಿ, ಪೆಟ್ಟಿಗೆಗೆ ಜೋಡಿಸಿ, ಅದರ ನೆನಪನ್ನೆಲ್ಲ ಬಸ್ ಟಿಕೆಟ್ಟಿನಷ್ಟು ಅಗಲದ ಕಾಗದದ ಮೇಲೆ ಇಳಿಸಿಕೊಂಡು ಬರಬೇಕಿತ್ತು. ಹೊನ್ನಾಳಿಯಲ್ಲಿ ಸೇತುವೆಗೆ ಹತ್ತಿರ ಒಂದು ಕೋಣೆ ಹಿಡಿದಿದ್ದೆ. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಅಲ್ಲಲ್ಲಿ ನಿಂತಿರುತ್ತಿತ್ತು. ಅಲ್ಲಿ ಬೆಳಿಗ್ಗೆ ಸ್ನಾನ ಮಾಡಿ ಬಸ್ ಹತ್ತಿದರೆ, ಚನ್ನಗಿರಿಗಾದರೆ ಹತ್ತು ಗಂಟೆಗೆ ಮುಟ್ಟುತ್ತಿದ್ದೆ. ಜಗಳೂರಿಗಾದರೆ ದಾವಣಗೆರೆಯಲ್ಲಿ ಬಸ್ ಬದಲಿಸಿ, ಹೋಗಿ ಇಳಿಯುವ ಹೊತ್ತಿಗೆ ಪ್ರಿಂಟರಿನ ತಗಡು ಕೈಗೆ ಸುಡುತ್ತಿತ್ತು.

ಪೆಟ್ಟಿಗೆಯ ಒಳಗಿದ್ದ ಮೈಕ್ರೊಪ್ರೊಸೆಸರ್ ಚಿಪ್ಪಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಹೆಸರು ಕೆಟ್ಟರೆ ಏನಾಗುತ್ತದೆಂದು ಆ ಬೇಸಿಗೆಯಲ್ಲಿ ನೋಡಿದ್ದೇನೆ. ಎಪ್ಪತ್ತರ ದಶಕದ ನಡುವೆ ಹುಟ್ಟಿದ್ದು, ನಲವತ್ತು ಕಾಲಿನದು, ಅಗ್ಗ. ಬೆಂಗಳೂರಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಮೇಷ್ಟ್ರು ಆರು ಕೊಂಡು ತಂದಿದ್ದರು. ಯಾವ ಕಾಲದ ಸರಕು ಎಂದು ಅಂಗಡಿಯವನಿಗೂ ಗೊತ್ತಿರಲಿಲ್ಲ.

ಅದರ ಮೇಲೆ ಅಪವಾದವಿದೆ ಎಂದು ಮೊದಲು ಹೇಳಿದವನು ನನ್ನ ಸಹಪಾಠಿ ಪ್ರಭಾಕರ. ಅವನಿಗೆ ಎಲ್ಲಿಂದಲೋ ಒಂದು ಜೆರಾಕ್ಸ್ ಹಾಳೆ ಸಿಕ್ಕಿತ್ತು, ಜೆರಾಕ್ಸಿನ ಜೆರಾಕ್ಸ್. ಅದರ ಪ್ರಕಾರ ಆ ಚಿಪ್ಪಿನ ವಿನ್ಯಾಸದಲ್ಲೇ ದೋಷ. ಒಂದು ಸಂಖ್ಯೆಯ ಬಿಟ್‌ಗಳನ್ನು ಎಂದರೆ ಅದರ ಸೊನ್ನೆ-ಒಂದುಗಳನ್ನು, ಚೌಕಾಬಾರದ ಕಾಯಿ ಸರಿಸಿದಂತೆ ಬಲಕ್ಕೆ ಒಂದೊಂದು ಮನೆ ಸರಿಸುವ ಆಜ್ಞೆ ಅದರಲ್ಲಿ ಸರಿಯಾಗಿ ನಡೆಯುವುದಿಲ್ಲ. ತಯಾರಕರು ಒಪ್ಪಿಕೊಳ್ಳದೆ, ಕೈಪಿಡಿಯಿಂದ ಆ ಆಜ್ಞೆಯನ್ನೇ ಸದ್ದಿಲ್ಲದೆ ತೆಗೆದುಹಾಕಿದ್ದಾರೆ. ಅಷ್ಟೇ ಅಲ್ಲ, ಆ ಚಿಪ್ಪನ್ನು ಅವರು ಕೈಬಿಟ್ಟಾಗಿದೆ. ಇನ್ನು ಕೇಳುವವರಿಲ್ಲ, ಕೊಡುವವರಿಲ್ಲ.

ನನ್ನ ಪ್ರೋಗ್ರಾಮಿನಲ್ಲಿ ಇದ್ದದ್ದೇ ಆ ಆಜ್ಞೆ. ಎಂಟು ಸಲ ಅಳೆದು, ಕೂಡಿಸಿ, ಮೂರು ಸಲ ಬಲಕ್ಕೆ ಸರಿಸಿದರೆ, ಪ್ರತಿ ಸಲವೂ ಅರ್ಧವಾಗುತ್ತ, ಎಂಟರಿಂದ ಭಾಗಿಸಿದಂತೆ. ಹಾಗೆ ಸರಾಸರಿ ತೆಗೆಯುತ್ತಿದ್ದೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದಿತ್ತು. ಮಾಡಲಿಲ್ಲ. ಅಷ್ಟರಲ್ಲಿ ನಾಲ್ಕೂ ಪೆಟ್ಟಿಗೆಗಳು ನಾಲ್ಕು ಊರುಗಳಲ್ಲಿ ಕೂತಿದ್ದವು. ಜೊತೆಗೆ, ನಿಜ ಹೇಳಬೇಕೆಂದರೆ, ಆ ಅಪವಾದ ನನಗೆ ಹಿಡಿಸಿತ್ತು. ಯಾವುದನ್ನೂ ನಂಬದಿರುವುದೇ ಓದಿದವನ ಲಕ್ಷಣವೆಂದು ಆಗ ನನ್ನ ಎಣಿಕೆ. ಚಿಪ್ಪಿನ ಮೇಲಿನ ಅಪವಾದವನ್ನು ಮಾತ್ರ ಪೂರ್ತಿ ನಂಬಿದ್ದೆ ಎಂಬುದು ಹೊಳೆಯಲೇ ಇಲ್ಲ.

ಯುಗಾದಿ ಕಳೆದ ಮೇಲೆ ಮೊದಲ ಸುತ್ತು ಹೊರಟೆ. ಚನ್ನಗಿರಿಯ ಕಾಗದ ನೇರವಾಗಿತ್ತು. ಹೊನ್ನಾಳಿಯದರಲ್ಲಿ ಕರೆಂಟು ಹೋದಾಗಿನ ಏರಿಳಿತ ಬಿಟ್ಟರೆ ಬೇರೇನಿಲ್ಲ. ನ್ಯಾಮತಿಯದರಲ್ಲಿ ದಿನಾ ಮಧ್ಯಾಹ್ನ ಒಂದು ಸಣ್ಣ ಉಬ್ಬು ಏಳುತ್ತಿತ್ತು. ವಿಚಾರಿಸಿದರೆ ಕಾಂಪೌಂಡರು ತಮ್ಮ ಮಜ್ಜಿಗೆ ಚೊಂಬನ್ನು ಲಸಿಕೆಯ ಪಕ್ಕದಲ್ಲೇ ಇಡುತ್ತಿದ್ದರು. ಅವರಿಗೆ ನನ್ನ ಮೇಲೆ ಬಹಳ ಬೇಸರವಾಯಿತು. ಹೊಳೆ ಆಚೆಯ ಸಂತೆಗೆ ಹೋದಾಗ ಸಿಕ್ಕವರಿಗೆಲ್ಲ, ಮಜ್ಜಿಗೆ ಹಿಡಿಯುವ ಮಿಷನ್ ಬಂದಿದೆ ಎಂದು ಹೇಳಿದರಂತೆ.

ಜಗಳೂರಿನ ಕಾಗದ ಬೇರೆಯಾಗಿತ್ತು. ಹದಿನಾಲ್ಕು ದಿನ ನಾಲ್ಕು, ನಾಲ್ಕೂವರೆ, ಐದು ಡಿಗ್ರಿ. ಆದರೆ ಎರಡು ಶುಕ್ರವಾರ ಬೆಳಿಗ್ಗೆ ಎಂಟಾದ ಮೇಲೆ ಒಮ್ಮೆಲೇ ಮೂವತ್ತು, ಆಮೇಲೆ ಮೂವತ್ತಾರು, ಮತ್ತೆ ಮೂವತ್ತಾರು. ಬೆಳಿಗ್ಗೆ ಹತ್ತಕ್ಕೆ ಮತ್ತೆ ಐದು.

ರತ್ನಮ್ಮನವರು ಆ ಫ್ರಿಜ್ಜಿನ ಜವಾಬ್ದಾರಿ ಹೊತ್ತಿದ್ದ ನರ್ಸ್. ನಲವತ್ತರ ಆಸುಪಾಸು, ಗೋವಿನಕೋವಿ ಕಡೆಯವರು, ಛತ್ರಿಯಿಲ್ಲದೆ ಅವರನ್ನು ನಾನು ಕಂಡಿದ್ದಿಲ್ಲ. ಫ್ರಿಜ್ಜಿನ ಒಳಗೆ ನೇತುಹಾಕಿದ್ದ ಗಾಜಿನ ಥರ್ಮಾಮೀಟರನ್ನು ದಿನಕ್ಕೆರಡು ಸಲ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ನಾನು ಆ ರಿಜಿಸ್ಟರನ್ನು ಕೇಳಿ ತೆಗೆಸಿದೆ. ಎರಡೂ ಶುಕ್ರವಾರ ಬೆಳಿಗ್ಗೆ ಏಳೂವರೆಗೆ ನಾಲ್ಕು, ಸಂಜೆ ಐದು ಗಂಟೆಗೆ ಐದು. ನೀಲಿ ಶಾಯಿ, ದುಂಡನೆಯ ಅಕ್ಷರ, ಒಂದು ತಿದ್ದುಪಡಿಯಿಲ್ಲ. ತಿದ್ದುಪಡಿಯಿಲ್ಲದ ರಿಜಿಸ್ಟರ್ ನೋಡಿದರೆ ನನಗೆ ಮೊದಲು ಬರುವುದೇ ಅನುಮಾನ. ಪ್ರಶ್ನೆ ಕೇಳಿದೆನೋ ಇಲ್ಲವೋ ಎಂದೆನಲ್ಲ, ಅದು ಇಲ್ಲಿ: ಇದನ್ನು ನಿಜವಾಗಿ ನೋಡಿ ಬರೆದಿರಾ, ಕೂತಲ್ಲೇ ತುಂಬಿದಿರಾ?

ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಒಂದು ಶುಕ್ರವಾರ ಅದೇ ಏರಿಕೆ ಇತ್ತು, ಇನ್ನೊಂದು ಶುಕ್ರವಾರ ಇರಲಿಲ್ಲ. ನಾನು ಕಾಗದವನ್ನು ಡಾಕ್ಟರಿಗೆ ತೋರಿಸಿದೆ. ಒಳ್ಳೆಯ ಮನುಷ್ಯ, ನನಗಿಂತ ಐದಾರು ವರ್ಷ ದೊಡ್ಡವರಿದ್ದಿರಬೇಕು. ಅವರು ತುಂಬ ಹೊತ್ತು ಕಾಗದ ನೋಡಿ, ಬಾಗಿಲು ಹಾಕಿಕೊಂಡು ಬರಲು ಹೇಳಿದರು. ಇದು ನಿಜವಾದರೆ ಏನಾಗುತ್ತದೆಂದು ಅವರು ಬಿಡಿಸಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಒಂದು ತಿಂಗಳಿಂದ ಆ ಫ್ರಿಜ್ಜಿನಿಂದ ಹೋದ ಪೋಲಿಯೊ ಹನಿ ಬರೀ ನೀರು. ಹನಿ ಹಾಕಿಸಿಕೊಂಡ ಮಕ್ಕಳಿಗೆಲ್ಲ ಮತ್ತೆ ಹಾಕಬೇಕು. ಹಾಕಬೇಕಾದರೆ ತಾಯಂದಿರಿಗೆ ಕಾರಣ ಹೇಳಬೇಕು. ರಿಜಿಸ್ಟರಿನಲ್ಲಿ ಸುಳ್ಳು ಬರೆದ ನರ್ಸಿನ ಮೇಲೆ ಜಿಲ್ಲೆಗೆ ವರದಿ ಕಳಿಸಬೇಕು.

ರತ್ನಮ್ಮ ಎರಡು ವರ್ಷದಿಂದ ಸುತ್ತಲಿನ ಹಟ್ಟಿಗಳಿಗೆ ನಡೆದು ನಡೆದು ತಾಯಂದಿರನ್ನು ಒಪ್ಪಿಸಿದ್ದರು. ಹನಿ ಹಾಕಿಸಿದರೆ ಮಗುವಿಗೆ ಮುಂದೆ ಸಂತಾನವಾಗುವುದಿಲ್ಲ ಎಂಬ ಸುದ್ದಿ ಆ ಕಡೆಯೆಲ್ಲ ಹಬ್ಬಿತ್ತು. ಎಷ್ಟೋ ಮನೆಗಳಲ್ಲಿ ಅವರನ್ನು ಕಂಡರೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರಂತೆ. ಈಗ ಬಾಗಿಲು ತೆರೆದಿದ್ದ ಮನೆಗಳಿಗೇ ಹೋಗಿ, ಅವತ್ತು ಹಾಕಿದ್ದು ಕೆಟ್ಟಿತ್ತು, ಮತ್ತೆ ಬಾಯಿ ತೆರೆಸಿ ಎಂದರೆ ಮುಗಿಯಿತು.

ನಾನು ತಡವರಿಸುತ್ತ ಚಿಪ್ಪಿನ ಅಪವಾದದ ಕತೆ ತೆಗೆದೆ. ತಪ್ಪು ಫ್ರಿಜ್ಜಿನದಲ್ಲ, ನಮ್ಮ ಪೆಟ್ಟಿಗೆಯದೇ ಇರಬಹುದು ಎಂದೆ. ಡಾಕ್ಟರ ಮುಖ ಸ್ವಲ್ಪ ಅರಳಿತು. ಅವರು ರತ್ನಮ್ಮನವರನ್ನು ಒಳಗೆ ಕರೆಸಿದರು. ಎಲ್ಲ ಕೇಳಿಸಿಕೊಂಡ ರತ್ನಮ್ಮ ಮೊದಲು ಕೇಳಿದ್ದು ಒಂದೇ ಮಾತು.

"ನಿಮ್ಮ ಚಿಪ್ಪಿನ ಮೇಲೂ ಗಾಳಿಸುದ್ದಿ ಐತಾ? ನಮ್ಮ ಹನಿ ಮೇಲೂ ಐತೆ ಬಿಡ್ರಿ."

ಆಮೇಲೆ ಸ್ವಲ್ಪ ಯೋಚಿಸಿ, "ಅಲ್ರೀ, ಶುಕ್ರವಾರ ಬಂತು ಅಂತ ಅದಕ್ಕೆ ಹೆಂಗೆ ಗೊತ್ತಾಗತೈತೆ?" ಎಂದರು.

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಪೆಟ್ಟಿಗೆ ವಾರದ ದಿನಗಳನ್ನು ಒಂದರಿಂದ ಏಳರವರೆಗೆ ಎಣಿಸುತ್ತಿತ್ತು. ಯಾವುದೋ ಸಂಖ್ಯೆ ಬಂದಾಗ ಬಿಟ್‌ಗಳು ಹೊರಳಿ ಲೆಕ್ಕ ತಪ್ಪುತ್ತಿರಬೇಕು ಎಂದೆ. ಒಂದು ಶುಕ್ರವಾರ ಬಿಟ್ಟುಹೋಗಿದೆಯಲ್ಲ ಎಂದು ಡಾಕ್ಟರು ಕೇಳಿದರೆ, ಕೆಟ್ಟ ಚಿಪ್ಪು ಹಾಗೆಯೇ, ಒಮ್ಮೆ ತಪ್ಪುತ್ತದೆ ಒಮ್ಮೆ ಸರಿಯಿರುತ್ತದೆ ಎಂದೆ. ಯಾವ ಪ್ರಶ್ನೆಗೂ ಆ ಅಪವಾದದಲ್ಲಿ ಉತ್ತರ ಸಿಗುತ್ತಿತ್ತು.

ಡಾಕ್ಟರು ಒಂದು ಒಪ್ಪಂದ ಮಾಡಿಕೊಂಡರು. ನಾನು ತಯಾರಕರನ್ನೇ ಕೇಳಿ ಬರೆಯಬೇಕು. ಉತ್ತರ ಬರುವವರೆಗೆ ಅವರು ಜಿಲ್ಲೆಗೆ ಬರೆಯುವುದಿಲ್ಲ. ಅಲ್ಲಿಯವರೆಗೆ ಆ ಫ್ರಿಜ್ಜಿನಿಂದ ಒಂದು ಹನಿಯೂ ಹೊರಗೆ ಹೋಗುವುದಿಲ್ಲ.

ಬೆಂಗಳೂರಿನಲ್ಲಿದ್ದ ತಯಾರಕರ ಏಜೆಂಟರಿಗೆ ಅಂದೇ ಬರೆದೆ. ಸೌಜನ್ಯದ ಪತ್ರವಲ್ಲ ಅದು. ನಿಮ್ಮ ಚಿಪ್ಪಿನ ದೋಷವನ್ನು ನೀವು ಮುಚ್ಚಿಟ್ಟಿದ್ದೀರಂತೆ, ಚಿಪ್ಪನ್ನೇ ಕೈಬಿಟ್ಟಿದ್ದೀರಂತೆ, ನಿಜವೇ ಎಂದು ಕೇಳಿದ್ದೆ. ಆಮೇಲೆ ಕಾದೆ. ಆ ಬೇಸಿಗೆಯ ಉಳಿದದ್ದೆಲ್ಲ ನನ್ನ ನೆನಪಿನಲ್ಲಿ ಅಂಚೆಯವನ ಸೈಕಲ್ಲಿನ ಸದ್ದು. ಹೊನ್ನಾಳಿಯಲ್ಲಿ ಮಧ್ಯಾಹ್ನ ಎರಡಕ್ಕೆ ರಸ್ತೆಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಸಂತೇಬೆನ್ನೂರಿನಲ್ಲಿ ಬಸ್ಸಿನ ಟೈರ್ ಸಿಡಿದು, ಹೊಂಡದ ಮೆಟ್ಟಿಲಿನ ನೆರಳಿನಲ್ಲಿ ಎರಡು ಗಂಟೆ ಕೂತಿದ್ದೆ. ಒಂದು ತಿಂಗಳ ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಸೆರಗಿನಿಂದ ಅದಕ್ಕೆ ಗಾಳಿ ಹಾಕುತ್ತಿದ್ದಳು. ಅದಕ್ಕೆ ಹನಿ ಹಾಕಿಸಿದ್ದೀರಾ ಎಂದು ಕೇಳಬೇಕೆನಿಸಿತು. ಕೇಳಿ, ಹೂಂ ಎಂದರೆ ಮುಂದೇನು ಹೇಳುವುದೆಂದು ತಿಳಿಯದೆ ನೀರು ನೋಡುತ್ತ ಕೂತೆ.

ಉತ್ತರ ಬರಲು ಮೂರು ವಾರ ಹಿಡಿಯಿತು. ನಾನು ನಿರೀಕ್ಷಿಸಿದಂಥ ಪತ್ರವಾಗಿರಲಿಲ್ಲ. ಕೋಪವಿರಲಿಲ್ಲ, ನುಣುಚಿಕೊಳ್ಳುವ ಮಾತೂ ಇರಲಿಲ್ಲ. ಮೊಟ್ಟಮೊದಲು ಹೊರಬಂದ ಚಿಪ್ಪುಗಳಲ್ಲಿ ಆ ಆಜ್ಞೆಯ ತೊಂದರೆ ಇದ್ದದ್ದು ನಿಜ, ಬಹಳ ಹಿಂದೆಯೇ ಸರಿಪಡಿಸಿದ್ದೇವೆ, ಚಿಪ್ಪಿನ ಬೆನ್ನ ಮೇಲೆ ತಯಾರಾದ ವರ್ಷ ಮತ್ತು ವಾರ ತಿಳಿಸುವ ನಾಲ್ಕು ಅಂಕಿಗಳಿರುತ್ತವೆ, ಇಂಥ ಅಂಕಿಗಿಂತ ಹಿಂದಿನದಾದರೆ ಕಳಿಸಿಕೊಡಿ, ಹಣ ಕೇಳದೆ ಬೇರೆಯದು ಕೊಡುತ್ತೇವೆ ಎಂದಿತ್ತು. ಚಿಪ್ಪನ್ನು ಕೈಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ ಎಂದಿತ್ತು. ದೋಷಗಳನ್ನು ಬಚ್ಚಿಡದೆ ಮುದ್ರಿಸಿದ್ದ ಒಂದು ಹಾಳೆ ಜೊತೆಗಿತ್ತು, ಮತ್ತು ಪರೀಕ್ಷಿಸಿ ನೋಡಲು ಹನ್ನೆರಡು ಸಾಲಿನ ಒಂದು ಪ್ರೋಗ್ರಾಮ್.

ಗುರುವಾರ ಮಧ್ಯಾಹ್ನ ಜಗಳೂರಿನಲ್ಲಿ ಇಳಿದೆ. ನಮ್ಮ ವಿಭಾಗದ ಚೀಟಿಯೊಂದನ್ನು ಚಿಪ್ಪಿನ ಬೆನ್ನ ಮೇಲೆಯೇ ಅಂಟಿಸಿದ್ದೆ. ಡಾಕ್ಟರ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿ, ಸ್ಪಿರಿಟ್ ಹಚ್ಚಿ ಚೀಟಿ ಕಿತ್ತೆ. ನಾಲ್ಕು ಅಂಕಿ ಕಂಡವು. ಚಿಪ್ಪು ಹೊಸ ಕಾಲದ್ದು. ಹನ್ನೆರಡು ಸಾಲಿನ ಪರೀಕ್ಷೆಯನ್ನೂ ಓಡಿಸಿದೆ. ಪ್ರತಿಯೊಂದು ಬಿಟ್ ಎಲ್ಲಿಗೆ ಸರಿಯಬೇಕೋ ಅಲ್ಲಿಗೇ ಸರಿಯಿತು.

ರತ್ನಮ್ಮ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಚಿಪ್ಪು ಸರಿಯಿದೆ ಎಂದೆ. ಆ ಮಾತಿನ ಅರ್ಥ ಅವರಿಗೂ ಗೊತ್ತಿತ್ತು. ಛತ್ರಿಯನ್ನು ಗೋಡೆಗೆ ಒರಗಿಸಿ, ಮೆಲ್ಲಗೆ ಹೇಳಿದರು: "ನೋಡದೇ ಒಂದು ದಿನಾನೂ ಬರ್ದಿಲ್ರಿ ನಾನು. ಜ್ವರ ಬಂದಾಗ್ಲೂ ಎದ್ದು ಬಂದು ನೋಡೀನಿ."

ಡಾಕ್ಟರು ಸೋಮವಾರ ಜಿಲ್ಲೆಗೆ ಬರೆಯಲೇಬೇಕಾಗುತ್ತದೆ ಎಂದು ಆಮೇಲೆ ನನ್ನೊಬ್ಬನಿಗೇ ಹೇಳಿದರು.

ಪೆಟ್ಟಿಗೆಯನ್ನು ಮತ್ತೆ ಫ್ರಿಜ್ಜಿಗೆ ಜೋಡಿಸಿಟ್ಟು ಬಂದು, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಗದದ ಸುರುಳಿಯನ್ನು ಮತ್ತೆ ಬಿಚ್ಚಿದೆ. ಅಪವಾದವೆಂಬುದು ತಲೆಯಿಂದ ಇಳಿದುಹೋದ ಮೇಲೆ ಮೊದಲ ಸಲ ಅದನ್ನು ಓದಿದೆ ಎನ್ನಬೇಕು. ಒಂದು ತಿಂಗಳಿಂದ ಕಣ್ಣೆದುರಿಗಿದ್ದದ್ದು ಆಗ ಕಾಣಿಸಿತು. ಮೂವತ್ತಾರರಿಂದ ಐದಕ್ಕೆ ಅರ್ಧ ಗಂಟೆಯಲ್ಲಿ ಇಳಿದಿದೆ. ಸೀಸೆ, ನೀರಿನ ಬಾಟಲಿ, ಐಸ್ ತುಂಬಿದ ಫ್ರಿಜ್ಜು ಬಿಸಿಯಾಗಲೂ ಗಂಟೆಗಟ್ಟಲೆ ಬೇಕು, ತಣಿಯಲೂ ಗಂಟೆಗಟ್ಟಲೆ ಬೇಕು. ಅಷ್ಟು ಬೇಗ ಬಿಸಿಯಾಗಿ ಅಷ್ಟು ಬೇಗ ತಣಿಯಬಲ್ಲದ್ದು ಅಲ್ಲಿ ಒಂದೇ ಒಂದು: ನನ್ನ ಸ್ಟೀಲ್ ಕಡ್ಡಿ. ಹೈಸ್ಕೂಲಿನ ವಿಜ್ಞಾನ. ನಾನು ಎಂ.ಎಸ್ಸಿ.

ಮರುದಿನ ಶುಕ್ರವಾರ. ಹಿಂದಿನ ದಿನದ ಗುರುವಾರ ಬಿಟ್ಟರೆ ನಾನು ಅದುವರೆಗೆ ಜಗಳೂರಿಗೆ ಹೋಗಿದ್ದದ್ದೆಲ್ಲ ಸೋಮವಾರಗಳಲ್ಲಿ. ರಾತ್ರಿ ಊರಲ್ಲೇ ಉಳಿದು, ಬೆಳಿಗ್ಗೆ ಏಳಕ್ಕೇ ಹೋಗಿ ಲಸಿಕೆ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತೆ. ಏಳೂವರೆಗೆ ರತ್ನಮ್ಮ ಬಂದು, ನನಗೂ ತೋರಿಸಿ ಥರ್ಮಾಮೀಟರ್ ನೋಡಿ, ನಾಲ್ಕು ಎಂದು ಬರೆದು, ಹಟ್ಟಿ ಕಡೆಯ ಬಸ್ಸಿಗೆ ಹೊರಟರು. ಶುಕ್ರವಾರ ಅವರ ಹಟ್ಟಿ ದಿನ, ಹನಿ ನಿಂತಿದ್ದರೂ ಬಾಣಂತಿಯರನ್ನು ನೋಡಿ ಬರುತ್ತಿದ್ದರು. ಎಂಟು ಗಂಟೆಗೆ ಆಯಾ ಹನುಮಕ್ಕ ಪೊರಕೆ ಹಿಡಿದು ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಆಸ್ಪತ್ರೆಯಲ್ಲಿ ಡಾಕ್ಟರಿಗಿಂತ ಅವಳ ಮಾತು ಹೆಚ್ಚು ನಡೆಯುತ್ತಿತ್ತು. ನನ್ನನ್ನು ಕಂಡು, ಇಷ್ಟು ಬೇಗ ಯಾಕೆ ಬಂದಿರಿ, ಕಾಫಿ ಆಗಿದೆಯೋ ಇಲ್ಲವೋ ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಕಸ ಹೊಡೆದಳು. ನೆಲ ಒರೆಸಿದಳು. ಫ್ರಿಜ್ಜಿನ ಬಾಗಿಲನ್ನು ಕೈ ಹಿಡಿಸುವಷ್ಟೇ ತೆಗೆದು, ನನ್ನ ಕಡ್ಡಿಯನ್ನು ಹೊರಗೆಳೆದು, ತಟ್ಟನೆ ಮುಚ್ಚಿದಳು. ಫ್ರಿಜ್ಜನ್ನು ಎಲ್ಲಿಗೆ ಸರಿಸಿದರೂ ಸಾಲಲಿ ಎಂದು ನಾನೇ ಎರಡು ಮಾರು ಉದ್ದದ ವೈರು ಬಿಟ್ಟಿದ್ದೆ. ಅದು ಕಿಟಕಿಯ ಪಕ್ಕದ ನಲ್ಲಿಯವರೆಗೂ ಸಾಲಿತು. ಹನುಮಕ್ಕ ಹುಣಸೆಹಣ್ಣು ಹಚ್ಚಿ ಕಡ್ಡಿಯನ್ನು ತಿಕ್ಕಿದಳು, ತೊಳೆದಳು, ಸೆರಗಿನಿಂದ ಒರೆಸಿದಳು. ಜಗಳೂರಿನ ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟಳು. ಪೆಟ್ಟಿಗೆಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಒಂದು ಕಣಗಿಲೆ ಹೂವು ಇಟ್ಟು, ಊದುಬತ್ತಿ ಬೆಳಗಿದಳು. ಕಡ್ಡಿಯ ತಲೆಗೂ ಒಂದು ಬೊಟ್ಟು. ಆಮೇಲೆ ವಾರ್ಡು ಗುಡಿಸಲು ಹೋದಳು.

ನಾನು ಎದ್ದು ಥರ್ಮಾಮೀಟರ್ ನೋಡಿದೆ. ನಾಲ್ಕು. ಎಂಟೂವರೆಗೆ ನಾಲ್ಕು. ಒಂಬತ್ತಕ್ಕೆ ನಾಲ್ಕೂವರೆ, ಅದೂ ನಾನು ಪದೇ ಪದೇ ಬಾಗಿಲು ತೆಗೆದದ್ದಕ್ಕೆ. ಒಂಬತ್ತೂವರೆಗೆ ಹನುಮಕ್ಕ ಬಂದು ಕಡ್ಡಿಯನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟಳು.

ಇದನ್ನು ಪ್ರತಿ ಶುಕ್ರವಾರ ಮಾಡುತ್ತೀಯಾ ಎಂದು ಕೇಳಿದೆ. ಅವಳಿಗೆ ಬೈಗುಳದಂತೆ ಕೇಳಿಸಿರಬೇಕು. ಸೊಂಟಕ್ಕೆ ಕೈಕೊಟ್ಟು ನಿಂತಳು.

"ಮಕ್ಕಳ ಔಷಧಿ ನಡುವೆ ಇಡೋ ಕಡ್ಡಿ ಅಲ್ಲೇನ್ರಿ ಅದು? ತೊಳೀದೆ ಹೆಂಗೆ ಇಡಾಕೆ ಆಗತೈತೆ? ಚೊಕ್ಕ ಇಟ್ಕೋಬೇಕು ಅಂತ ನೀವೇ ಹೇಳಿ ಹೋದ್ರಿ."

ಹೇಳಿದ್ದೆ. ಪೆಟ್ಟಿಗೆ ಇಟ್ಟ ದಿನ, ಇದನ್ನು ಚೊಕ್ಕವಾಗಿ ನೋಡಿಕೊಳ್ಳಿ ಎಂದು ದೊಡ್ಡಸ್ತಿಕೆಯಲ್ಲಿ ಹೇಳಿ, ಹಿಂದಿರುಗಿ ನೋಡದೆ ಬಸ್ಸಿಗೆ ಹೋಗಿದ್ದೆ.

ಬಾಗಿಲನ್ನು ತೆರೆದಿಡುತ್ತಿದ್ದೆಯಾ ಎಂದು ಕೇಳಿದೆ. "ಅಯ್ಯ, ಅದನ್ನ ತೆರ್ದು ಇಡಾಕೆ ಹೋದ್ರೆ ಸಿಸ್ಟರಮ್ಮ ನನ್ನ ಕೈ ಮುರೀತಾರೆ," ಎಂದಳು.

ನಡುವೆ ಒಂದು ವಾರ ತೊಳೆಯಲಿಲ್ಲವಲ್ಲ ಎಂದೆ. ಅವಳು ಬೆರಗಾಗಿ ನೋಡಿದಳು. ಆ ವಾರ ಮಗಳ ಹೆರಿಗೆಗೆ ಹೋಗಿದ್ದಳಂತೆ. ನಿಮ್ಮ ಪೆಟ್ಟಿಗೆ ಅದನ್ನೂ ಹೇಳುತ್ತದಾ ಎಂದು ಕೇಳಿ, ಆ ದಿನದಿಂದ ಪೆಟ್ಟಿಗೆಗೆ ಇನ್ನಷ್ಟು ಮರ್ಯಾದೆ ಕೊಡತೊಡಗಿದಳು.

ಮಧ್ಯಾಹ್ನ ರತ್ನಮ್ಮ ಬಂದಾಗ ಡಾಕ್ಟರು ಮತ್ತು ನಾನು ಇಬ್ಬರೂ ಒಟ್ಟಿಗೆ ಹೇಳಲು ಹೋಗಿ, ಇಬ್ಬರ ಮಾತೂ ಅರ್ಥವಾಗಲಿಲ್ಲ. ಕೊನೆಗೆ ನಾನು ಅಂದಿನ ಕಾಗದವನ್ನು ಪ್ರಿಂಟ್ ಮಾಡಿ ಕೊಟ್ಟೆ. ಪೆಟ್ಟಿಗೆಯಲ್ಲಿ ಮೂವತ್ತಾರು, ಪಕ್ಕದಲ್ಲಿ ನನ್ನ ಕೈಬರಹದಲ್ಲಿ ಥರ್ಮಾಮೀಟರಿನ ನಾಲ್ಕು. ಅವರು ಅದನ್ನು ಎರಡು ಸಲ ಓದಿ, ಬೆಂಚಿನ ಮೇಲೆ ಕೂತುಬಿಟ್ಟರು. ಹನಿ ಕೆಟ್ಟಿರಲಿಲ್ಲ. ಒಂದೂ ಕೆಟ್ಟಿರಲಿಲ್ಲ. ಹನುಮಕ್ಕ ಏನೂ ಅರ್ಥವಾಗದೆ ಬಾಗಿಲಲ್ಲಿ ನಿಂತಿದ್ದಳು.

"ಹನುಮಕ್ಕಾ," ಎಂದರು ರತ್ನಮ್ಮ, "ಇನ್ನೆರಡು ದಿನ ಬಿಟ್ಟಿದ್ರೆ ನನ್ನ ನೌಕರೀನೂ ತೊಳ್ದು ಬಿಸ್ಲಿಗೆ ಇಡ್ತಿದ್ದೆಲ್ಲೇ ತಾಯಿ."

ಆಮೇಲೆ ಅವರು ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ಕಣ್ಣೀರು ಬಂತು, ಒರೆಸಿಕೊಂಡರು, ಮತ್ತೆ ನಕ್ಕರು. ಡಾಕ್ಟರು ಹೊರಗೆ ಹೋಗಿ ಒಂದು ಬೀಡಿ ಸೇದಿ ಬಂದರು. ಅಲ್ಲಿಯವರೆಗೆ ಅವರು ಬೀಡಿ ಸೇದುವುದು ನನಗೆ ಗೊತ್ತಿರಲಿಲ್ಲ. ಆ ಸಂಜೆ ಮೊದಲ ಮಳೆ ಬಂತೆಂದೂ, ಬಸ್ಸಿನ ಕಿಟಕಿಯಿಂದ ಕೈ ಚಾಚಿ ನಾನು ಒದ್ದೆಯಾದೆನೆಂದೂ ನೆನಪಿದೆ. ಆದರೆ ಸಮಾಧಾನವಾದ ದಿನಗಳಿಗೆಲ್ಲ ನನ್ನ ತಲೆ ಹೀಗೆ ಮಳೆ ಸೇರಿಸುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಇರಬಹುದು.

ಹನುಮಕ್ಕನಿಗೆ ತೊಳೆಯಬೇಡ ಎಂದು ಯಾರೂ ಹೇಳಲಿಲ್ಲ. ತೊಳೆದ ಮೇಲೆ ಬಿಸಿಲಿಗಿಡದೆ ಒರೆಸಿ ತಕ್ಷಣ ಒಳಗಿಡು ಎಂದಷ್ಟೇ ರತ್ನಮ್ಮ ಹೇಳಿದರು. ಮುಂದಿನ ಶುಕ್ರವಾರಗಳಲ್ಲಿ ಕಾಗದದ ಮೇಲೆ ಒಂದೇ ಒಂದು ಸಣ್ಣ ಉಬ್ಬು ಏಳುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಹನುಮಕ್ಕ ಕ್ಷೇಮ ಎಂದುಕೊಳ್ಳುತ್ತಿದ್ದೆ. ಚನ್ನಗಿರಿಯ ಪೆಟ್ಟಿಗೆಗೆ ಆ ಮಳೆಗಾಲದಲ್ಲಿ ಸಿಡಿಲು ಬಡಿದು ಚಿಪ್ಪು ಸುಟ್ಟುಹೋಯಿತು. ಏಜೆಂಟರಿಗೆ ಬರೆದೆ, ಈ ಸಲ ಸೌಜನ್ಯದಿಂದ. ಸಿಡಿಲು ಅವರ ತಪ್ಪಲ್ಲವಾದರೂ ಹೊಸದೊಂದನ್ನು ಕಳಿಸಿಕೊಟ್ಟರು. ಆ ಚಿಪ್ಪಿನ ವಂಶದವು ಈಗಲೂ ತಯಾರಾಗುತ್ತಿವೆ ಎಂದು ಎಲ್ಲೋ ಓದಿದೆ. ಅದನ್ನು ಪರೀಕ್ಷಿಸಿಲ್ಲ.

ನ್ಯಾಮತಿಯಿಂದ ಬಂದ ಮೇಲೆ ಪ್ರಭಾಕರನಿಗೆ ಫೋನ್ ಮಾಡಿದೆ. ಮೊಳೆಯ ಕತೆ, ಬೊಟ್ಟಿನ ಕತೆ ಹೇಳಿ ಜಗಳೂರಿನ ಸಂಗತಿ ನೆನಪಿಸಿದೆ. ಅವನು ತಡೆದ. ಅಲ್ಲ ಮಾರಾಯ, ಅದು ಚಿಪ್ಪಿನ ದೋಷವೇ, ನೀನೇ ಅವತ್ತು ಬಂದು ಹೇಳಿದ್ದೆ ಎಂದ. ಮೇಷ್ಟ್ರು ನಿವೃತ್ತರಾಗುವವರೆಗೂ ಕ್ಲಾಸಿನಲ್ಲಿ ಹಾಗೆಯೇ ಪಾಠ ಮಾಡುತ್ತಿದ್ದರಂತೆ. ಚಿಪ್ಪು ಸರಿಯಿತ್ತು, ಅಂಕಿ ನೋಡಿದ್ದೇನೆ ಎಂದು ನಾನು ಹಟ ಹಿಡಿದಾಗ, ಹಾಗಾದರೆ ಆ ನರ್ಸ್ ಸುಳ್ಳು ಬರೆದಿರಬೇಕು, ಆಯಾ ಗೀಯಾ ಎಲ್ಲ ನೀನು ಆಮೇಲೆ ಕಟ್ಟಿದ ಕತೆ ಎಂದ. ನಗುತ್ತಲೇ ಹೇಳಿದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ನೆನಪನ್ನು ನಾನೇ ನಂಬುವವನಲ್ಲ. ಇನ್ನ್ಯಾರಾದರೂ ಯಾಕೆ ನಂಬಬೇಕು? ಆದರೆ ರತ್ನಮ್ಮನವರ ಹೆಸರು ಆ ನೆನಪಿಗೆ ಜೋತುಬಿದ್ದಿತ್ತು.

ಕೆಲಸ ಮುಗಿದಾಗ ಮೇಷ್ಟ್ರು ಜಗಳೂರಿನ ಪೆಟ್ಟಿಗೆಯನ್ನು ನನಗೇ ಕೊಟ್ಟಿದ್ದರು. ಅಟ್ಟದ ಮೇಲಿತ್ತು. ಇಳಿಸಿದೆ. ಚಿಪ್ಪಿನ ಬೆನ್ನ ಮೇಲಿನ ನಾಲ್ಕು ಅಂಕಿ ಈಗಲೂ ಓದಲು ಬರುತ್ತದೆ, ಆದರೆ ಅದು ಚಿಪ್ಪನ್ನು ಮಾತ್ರ ಅಪವಾದದಿಂದ ಬಿಡಿಸುತ್ತದೆ, ನರ್ಸನ್ನಲ್ಲ. ಬೆಳಕಿಗೆ ಹಿಡಿದು ಕಡ್ಡಿಯನ್ನು ನೋಡಿದೆ. ವೈರು ಸೇರುವ ತಲೆಯ ಕಡೆ, ನಟ್ಟಿನ ತಿರುಪಿನ ಗೆರೆಗಳ ಒಳಗೆ, ಕೂದಲೆಳೆಯಷ್ಟು ಕೆಂಪು. ತುಕ್ಕೂ ಕೆಂಪಾಗಿರುತ್ತದೆ. ಉಜ್ಜಿದರೆ ತುಕ್ಕೂ ಹತ್ತಿಗೆ ಅಂಟುತ್ತದೆ, ಆದ್ದರಿಂದ ಉಜ್ಜಲಿಲ್ಲ. ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದು, ಗಾಜಿನ ಲೋಟದಲ್ಲಿ ಎರಡು ಬೆರಳಷ್ಟು ಸುರಿದು, ಆ ತಲೆಯನ್ನು ಅದ್ದಿ ಮುಟ್ಟದೆ ಬಿಟ್ಟೆ. ತುಕ್ಕು ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ, ಪುಡಿಯಾಗಿ ತಳಕ್ಕೆ ಕೂರುತ್ತದೆ. ಕುಂಕುಮವಾದರೆ ಬಣ್ಣ ಬಿಡುತ್ತದೆ. ಕಾಲು ಗಂಟೆ ಬಿಟ್ಟು ಲೋಟವನ್ನು ಕಿಟಕಿಗೆ ಹಿಡಿದೆ. ತಳದಲ್ಲಿ ಏನೂ ಇರಲಿಲ್ಲ. ಸ್ಪಿರಿಟ್ ತಿಳಿಯಾಗಿ ಕೆಂಪಾಗಿತ್ತು.